ಜೇಬಿನ ಕಡೆ

ಅಕ್ಕ ಬಟ್ಟೆಚೀಲದಿಂದ ಇಸ್ತ್ರಿಪೆಟ್ಟಿಗೆ ಹೊರಗೆ ತೆಗೆದು, ಅದಕ್ಕೆ ಸುತ್ತಿದ್ದ ವೈರು ಬಿಡಿಸುತ್ತ ಗೋಡೆಯ ಬುಡದುದ್ದಕ್ಕೂ ಕಣ್ಣಾಡಿಸಿದಳು.

"ಇಲ್ಲಿ ಪ್ಲಗ್ಗು ಎಲ್ಲಿದೆಯಪ್ಪ?"

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಕಿವಿ ಮುಂದೆ ಮಾಡಿದ. ಹೆಣ ಇಡುವ ಆ ಕಟ್ಟಡಕ್ಕೆ ಬಂದವರು ಅವನನ್ನು ಏನೇನೋ ಕೇಳಿದ್ದುಂಟು. ನೀರು ಕೇಳಿದ್ದರು, ಕುರ್ಚಿ ಕೇಳಿದ್ದರು, ಒಬ್ಬಾತನಂತೂ ಆಟದ ಸ್ಕೋರು ಕೇಳಿದ್ದ. ಪ್ಲಗ್ಗು ಯಾರೂ ಕೇಳಿರಲಿಲ್ಲ.

"ಯಾಕಮ್ಮ?"

"ಅಂಗಿ ಮುದುರಿಹೋಗಿದೆ. ಬರುವಾಗ ಇವರ ತೊಡೆ ಮೇಲೆ ಇಟ್ಟಿದ್ದೆ. ಅದನ್ನೇ ದಿಂಬು ಅಂದ್ಕೊಂಡ್ರು."

"ನಾನೇನು ನಿದ್ದೆ ಮಾಡಲಿಲ್ಲ," ಎಂದ ಭಾವ, ಮೊಣಕಾಲು ಹಿಡಿದುಕೊಂಡು ಬೆಂಚಿನ ಮೇಲೆ ಕೂರುತ್ತ. "ಸುಮ್ಮನೆ ಕಣ್ಣು ಮುಚ್ಚಿದ್ದೆ."

"ಇವತ್ತು ಒಬ್ಬರು ಕಣ್ಣು ಮುಚ್ಚಿರೋದು ಸಾಕು."

ಅಕ್ಕನೆಂದರೆ ಒಳಗೆ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದವನಿಗೆ ಅಕ್ಕ. ಅವನು ಕರೆದದ್ದನ್ನೇ ಬೀದಿಯವರೂ ಕರೆದೂ ಕರೆದೂ, ಅವಳಿಗೆ ಬೇರೊಂದು ಹೆಸರಿತ್ತು ಎಂಬುದೇ ಮರೆತುಹೋಗಿತ್ತು. ಅವಳ ಗಂಡ ಅದೇ ಲೆಕ್ಕದಲ್ಲಿ ಬೀದಿಗೆಲ್ಲ ಭಾವ. ತಮ್ಮ ಮಾತ್ರ ಬೀದಿಗೆ ತಮ್ಮನಾಗಲಿಲ್ಲ. ಅವನನ್ನು ಕತ್ತಲೆ ಡಾಕ್ಟರು ಎನ್ನುತ್ತಿದ್ದರು. ಒಳ್ಳೆಯ ಬಿಸಿಲಿರುವಾಗ ಮನೆ ಬಿಟ್ಟು, ದೊಡ್ಡಾಸ್ಪತ್ರೆಯ ಕಿಟಕಿಯಿಲ್ಲದ ಕೋಣೆ ಹೊಕ್ಕು, ತುರ್ತಿನಲ್ಲಿ ಬಂದವರ ಎಕ್ಸ್‌ರೇ, ಸ್ಕ್ಯಾನು ನೋಡಿ, ಒಳಗೇನಾಗಿದೆ ಎಂದು ಹೇಳುವುದು ಅವನ ಕೆಲಸ. ಹತ್ತಿರದವರಿಗೆ ಬಾಯಲ್ಲಿ, ದೂರದ ಸಣ್ಣಪುಟ್ಟ ಆಸ್ಪತ್ರೆಗಳಿಗೆ ಫೋನಿನಲ್ಲಿ. ರೋಗಿಯ ಮುಖ ಇವನು ಕಂಡವನಲ್ಲ, ಇವನ ಮುಖ ರೋಗಿ ಕಂಡವನಲ್ಲ. 'ಅದೆಂಥ ಡಾಕ್ಟರಮ್ಮ ನಿನ್ನ ತಮ್ಮ, ಒಂದು ನೆಗಡಿಗೆ ಮಾತ್ರೆ ಕೇಳಿದರೆ ನನಗೆ ಗೊತ್ತಿಲ್ಲ ಅಂತಾನೆ' ಎಂದು ಬೀದಿ ನಗುತ್ತಿತ್ತು.

ಕಾವಲುಗಾರ ಪ್ಲಗ್ಗು ತೋರಿಸಿದ. ಅಕ್ಕ ಮೇಜಿನ ಮೇಲೆ ಕಂಬಳಿ ಮಡಿಸಿ ಹಾಸಿ, ಬೆರಳನ್ನು ನಾಲಿಗೆಗೆ ತಾಗಿಸಿ ಇಸ್ತ್ರಿಯ ತಳಕ್ಕೆ ಮುಟ್ಟಿಸಿದಳು. ಚುಂಯ್ ಎಂದಿತು. ಮೊದಲು ಕಾಲರು, ಆಮೇಲೆ ತೋಳು.

"ಹೊರೋಕೆ ಜನ ಇದ್ದಾರೇನಮ್ಮ?" ಎಂದ ಕಾವಲುಗಾರ. "ಗಾಡಿ ಸಮಾಧಿ ತೋಟದ ಗೇಟಿನ ತನಕ ಮಾತ್ರ ಹೋಗುತ್ತೆ. ಅಲ್ಲಿಂದ ಕುಣಿ ತನಕ ಹೆಗಲ ಮೇಲೇ ಹೋಗಬೇಕು. ನಾಲ್ಕು ಜನ ಬೇಕು."

ಅಕ್ಕ ತಲೆ ಎತ್ತಲಿಲ್ಲ. "ಬರ್ತಾರೆ," ಎಂದಳು.

"ಯಾರು ಬರ್ತಾರೆ?" ಎಂದ ಭಾವ. ಅವನಲ್ಲಿ ಕುಹಕವಿರಲಿಲ್ಲ, ಕೇಳುವ ಅಭ್ಯಾಸವಿತ್ತು ಅಷ್ಟೆ.

ಕಾವಲುಗಾರ ಹೊರಗೆ ಹೋಗಿ ತನ್ನ ಸ್ಟೂಲಿನ ಮೇಲೆ ಬೀದಿಗೆ ಮುಖ ಮಾಡಿ ಕೂತ. ಕಟ್ಟಡಕ್ಕೆ ಎರಡು ಕೋಣೆ, ನಡುವೆ ಒಂದು ಓಣಿ. ಆ ದಿನ ಎರಡು ಸಾವು. ಬಂದವರಿಗೆಲ್ಲ ಅವನು ಹೇಳುವುದು ಕೇಳುತ್ತಿತ್ತು. "ಡಾಕ್ಟರದ್ದಾ? ಎಡಗಡೆ. ಬೇಕರಿ ಯಜಮಾನರದ್ದು ಬಲಗಡೆ."

ಬಲಗಡೆ, ಬಲಗಡೆ ಎಂದು ಅವನ ಗಂಟಲು ಒಣಗುತ್ತಿತ್ತು.

*

ಅಪ್ಪ ಅಮ್ಮ ಹೋದಾಗ ಅಕ್ಕನಿಗೆ ಉಳಿದದ್ದು ಮೂಲೆಯ ಇಸ್ತ್ರಿ ಅಂಗಡಿ ಮತ್ತು ಮೂಗು ಸೋರುವ ಈ ತಮ್ಮ. ಆಗ ಇಸ್ತ್ರಿಪೆಟ್ಟಿಗೆಯ ಹೊಟ್ಟೆಯಲ್ಲಿ ಕೆಂಡ. ಅಕ್ಕ ಮೇಜಿನ ಮೇಲೆ ಬಗ್ಗಿ ನಿಂತರೆ ತಮ್ಮ ಮೇಜಿನ ಕೆಳಗೆ ಕೂತು ಪಾಠ ಓದುತ್ತಿದ್ದ. ಮೇಲಿಂದ ಇಳಿಬಿದ್ದ ಅಂಗಿಗಳ ತೋಳುಗಳು ಅವನ ತಲೆ ಸವರುತ್ತಿದ್ದವು. ಅದರಿಂದಲೋ ಏನೋ, ಬಟ್ಟೆ ಎಂದರೆ ಅವನಿಗೆ ಒಳಗೆ ಯಾರೋ ಇದ್ದ ಹಾಗೆ. ಖಾಲಿ ಅಂಗಿಗೂ ಜಾಗ ಬಿಟ್ಟು ನಡೆಯುತ್ತಿದ್ದ.

ಓದಿನಲ್ಲಿ ಚುರುಕು. ಎಡ ಬಲ ಮಾತ್ರ ಏನು ಮಾಡಿದರೂ ಹತ್ತಲಿಲ್ಲ. ಎಡಗಾಲಿನ ಚಪ್ಪಲಿ ಬಲಗಾಲಿಗೆ. ಶಾಲೆಯಲ್ಲಿ ಎಡಕ್ಕೆ ತಿರುಗು ಎಂದರೆ ಎಲ್ಲರೂ ಒಂದು ಕಡೆ, ಇವನೊಬ್ಬ ಇನ್ನೊಂದು ಕಡೆ. ಮೇಷ್ಟ್ರ ಕೈಯಲ್ಲಿ ಏಟು ತಿಂದು ಬಂದ ಒಂದು ದಿನ ಅಕ್ಕ ಅವನನ್ನು ಮೇಜಿನ ಮುಂದೆ ನಿಲ್ಲಿಸಿದಳು.

"ನಿನ್ನ ಅಂಗಿ ಜೇಬು ಮುಟ್ಟು."

ಮುಟ್ಟಿದ.

"ಅದೇ ಎಡ. ಊರು ಯಾವ ಕಡೆಗಾದರೂ ತಿರುಗಲಿ, ಜೇಬಿನ ಕಡೆ ಎಡ. ತಿಳೀತಾ?"

"ಈ ಅಂಗಿಗೆ?" ಮೇಜಿನ ಮೇಲೆ ಯಾರದೋ ಅಂಗಿ ಅಂಗಾತ ಮಲಗಿತ್ತು. ಅದರ ಜೇಬು ಅಕ್ಕನ ಬಲಗೈಯ ಹತ್ತಿರವಿತ್ತು.

"ಅದು ಅದರ ಎಡ. ನನ್ನದಲ್ಲ. ಎದುರಿಗೆ ಇರೋರ ಎಡ ನಮಗೆ ಬಲಗೈ ಕಡೆ ಬರುತ್ತೆ ಕಣೋ. ಅವರಿಗೆ ಹೃದಯ ಇರೋದು ಅವರ ಜೇಬಿನ ಕೆಳಗೆ, ನಮ್ಮ ಜೇಬಿನ ಕೆಳಗಲ್ಲವಲ್ಲ."

ಅವನು ಬಹಳ ಹೊತ್ತು ಆ ಖಾಲಿ ಅಂಗಿಯನ್ನೇ ನೋಡಿದ. ಆಮೇಲೆ ಎಂದೂ ತಪ್ಪಲಿಲ್ಲ. ತಿರುಗು ಎಂದಾಗಲೆಲ್ಲ ಮೊದಲು ಕೈ ಎದೆಗೆ ಹೋಗುತ್ತಿತ್ತು, ಆಮೇಲೆ ಕಾಲು ತಿರುಗುತ್ತಿತ್ತು.

ಸಂಜೆ ಹೊತ್ತು ಅಕ್ಕ ತೊಳೆದ ಅಂಗಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದಳು. ಕಲೆ ಉಳಿದಿದೆಯೋ, ದಾರ ಬಿಟ್ಟಿದೆಯೋ, ಎಲ್ಲಾದರೂ ಬೆಂದಿದೆಯೋ ನೋಡಲು. ಪಕ್ಕದಲ್ಲಿ ಇವನೂ ನಿಂತು ನೋಡುತ್ತಿದ್ದ. ಬಿಳಿಯ ಬಟ್ಟೆ, ಹಿಂದಿನಿಂದ ಬೆಳಕು, ಹೊಲಿಗೆಯ ಸಾಲುಗಳು ನೆರಳಾಗಿ ಎದ್ದು ಬರುವುದು. "ಏನಾದರೂ ಕಂಡಿತೇನೋ?" ಎಂದರೆ, "ಇರು, ಇನ್ನೂ ನೋಡ್ತಿದೀನಿ," ಎನ್ನುತ್ತಿದ್ದ. ಇನ್ನೂ ನೋಡ್ತಿದೀನಿ ಎಂಬ ಮಾತು ಅವನು ಹುಟ್ಟುವಾಗಲೇ ತಂದದ್ದು.

*

ಅಂಗಿ ತೊಡಿಸಿದ್ದಾಯಿತು. ಮೈ ತೊಳೆದ ಆಳು ತೋಳು ಎತ್ತಿ ಹಿಡಿದ, ಅಕ್ಕ ಗುಂಡಿ ಹಾಕಿದಳು. ಕೋಣೆಯಲ್ಲಿ ಸಾಲುಸಾಲು ಕುರ್ಚಿ. ಬಿಸಿಲು ಕಿಟಕಿಯ ಪರದೆ ಹಾದು ಬಂದು ಅವುಗಳ ಮೇಲೆ ಹಾಲಿನ ಹಾಗೆ ಚೆಲ್ಲಿ ಕೂತಿತ್ತು.

ಬೀದಿಯಿಂದ ಕೆಲವರು ಬಂದರು. ಅಂಗಡಿಗೆ ಬಟ್ಟೆ ಕೊಡುವವರು. ಸತ್ತವನ ಮುಖಕ್ಕಿಂತ ಹೆಚ್ಚಾಗಿ ಅವನ ಅಂಗಿ ನೋಡಿ, "ಒಂದು ಗೆರೆ ಇಲ್ಲ ನೋಡಿ," ಎಂದು ಪಿಸುಗುಟ್ಟಿ, ಅಕ್ಕನ ಕೈ ಹಿಡಿದು, ಕೆಲಸವಿದೆ ಎಂದು ಎದ್ದರು. ಆಸ್ಪತ್ರೆಯಿಂದ ಹೂವಿನ ಚಕ್ರವೊಂದು ಬಂದಿತ್ತು, ತಂದಿಟ್ಟವನು ಸಹಿ ಹಾಕಿಸಿಕೊಂಡು ಹೋದ. ತುರ್ತು ವಿಭಾಗಕ್ಕೆ ಸಾವಿನ ರಜೆ ಎಂಬುದಿಲ್ಲ. ಇವನ ಕುರ್ಚಿಯಲ್ಲಿ ಆಗಲೇ ಇನ್ನೊಬ್ಬರು ಕೂತಿದ್ದರು.

ಎದುರುಮನೆಯಾಕೆ ಮಾತ್ರ ಉಳಿದಳು. ಅವಳಿಗೆ ಸಾವಿನ ಮನೆಯಲ್ಲಿ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಇಷ್ಟು ವರ್ಷ ಡಾಕ್ಟರಾಗಿದ್ದ ಅಂತೀರಿ. ಒಬ್ಬ ಪೇಷಂಟೂ ಇಲ್ಲವಲ್ಲ ಅಕ್ಕ."

"ಅವರಿಗೆ ಇವನು ಯಾರು ಅಂತ ಗೊತ್ತಿಲ್ಲ."

"ಪಾಪ. ಹೋಗುವಾಗಲೂ ಒಬ್ಬನೇ ಇದ್ದನಂತೆ?"

ಆ ಮಾತು ಬಂದು ಕೂತದ್ದು ಸರಿಯಾಗಿ ನೋಯುವ ಜಾಗದಲ್ಲಿ. ಕಸದ ಬುಟ್ಟಿ ಖಾಲಿ ಮಾಡಲು ಬಂದವಳು ನೋಡಿದ್ದಳಂತೆ. ಕತ್ತಲೆ ಕೋಣೆ, ಪರದೆಯ ಮೇಲೆ ಯಾರದೋ ಕತ್ತಿನ ಮೂಳೆಗಳು, ಕುರ್ಚಿಗೆ ಒರಗಿದ ಡಾಕ್ಟರು, ಕಿವಿಯ ಹತ್ತಿರ ಫೋನು. ನಿದ್ದೆ ಮಾಡಿದ್ದಾರೆ ಎಂದುಕೊಂಡು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋಗಿದ್ದಳಂತೆ. ಅಕ್ಕನಿಗೆ ಆವತ್ತಿನಿಂದ ಅನ್ನಿಸುತ್ತಿದ್ದುದು ಒಂದೇ. ಮದುವೆ ಬೇಡ ಎಂದ, ಗೆಳೆಯರಿಲ್ಲ ಎಂದ, ಆಯಿತು. ಆದರೆ ಕೊನೆಯ ಉಸಿರಿಗೆ ಪಕ್ಕದಲ್ಲಿ ಒಂದು ಕೂಗಳತೆಗೂ ಯಾರೂ ಇಲ್ಲದ ಹಾಗೆ, ಹೊರಲು ನಾಲ್ಕು ಜನ ಇಲ್ಲದ ಹಾಗೆ ಬದುಕಿಬಿಟ್ಟನೇ ಇವನು?

ಗೋಡೆಯಾಚೆ ಬೇಕರಿ ಯಜಮಾನನ ಕೋಣೆಯಿಂದ ಅಳು ಅಲೆಅಲೆಯಾಗಿ ಬರುತ್ತಿತ್ತು. ನಡುನಡುವೆ ಯಾರೋ ನಗುತ್ತಿದ್ದರು. ತುಂಬಿದ ಮನೆಯ ಸಾವು.

"ಅದೃಷ್ಟವಂತ," ಎಂದ ಭಾವ, ಗೋಡೆಯನ್ನು ನೋಡುತ್ತ.

"ಯಾರು?"

"ಬೇಕರಿಯವನು. ನಾಲ್ಕು ಜನರನ್ನ ಸಂಪಾದನೆ ಮಾಡಿದ್ದಾನೆ. ನಮ್ಮ ಡಾಕ್ಟರು ಊಟಕ್ಕೆ ಕೂತರೂ ಇಲ್ಲದವರ ಕಥೆಯನ್ನೇ ಹೇಳ್ತಿದ್ದ. ಕೆಮ್ಮಣ್ಣನಂತೆ, ತಗಡಮ್ಮನಂತೆ, 'ಆಮೇಲೆ' ಡಾಕ್ಟರಂತೆ."

ಹೌದು. ಊಟದ ಹೊತ್ತಿಗೆ ಅವನ ಬಾಯಲ್ಲಿ ಅವರೇ. 'ಇವತ್ತು ಕೆಮ್ಮಣ್ಣನ ಕೆಮ್ಮು ಕಮ್ಮಿ ಇತ್ತಕ್ಕ.' 'ತಗಡಮ್ಮನ ಊರಲ್ಲಿ ಮಳೆ ಶುರುವಾಯ್ತು.' ಅಕ್ಕ ಹ್ಞೂಂಗುಟ್ಟುತ್ತ ಬಡಿಸುತ್ತಿದ್ದಳು. ಒಂಟಿ ಹುಡುಗರು ಗೋಡೆಯ ಮೇಲಿನ ಕಲೆಗಳಿಗೂ ಹೆಸರಿಡುತ್ತಾರೆ, ಅಂಥದ್ದೇ ಏನೋ ಇರಬೇಕು ಎಂದುಕೊಂಡಿದ್ದಳು. ಕೇಳಿ ಅವನ ಸುಖ ಕೆಡಿಸಲು ಮನಸ್ಸು ಬಂದಿರಲಿಲ್ಲ.

ಬಿಸಿಲು ಒಂದು ಕುರ್ಚಿಯಿಂದ ಇನ್ನೊಂದಕ್ಕೆ ದಾಟಿತು. ಅಕ್ಕನ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ಆ ಖಾಲಿ ಕುರ್ಚಿಗಳ ಮೇಲೆಲ್ಲ ಬಿಳಿ ಅಂಗಿಗಳು ಕೂತ ಹಾಗೆ ಕಂಡಿತು. ಹಿಂದಿನಿಂದ ಬೆಳಕು ಬಿದ್ದು ಒಂದೊಂದರೊಳಗೂ ಪಕ್ಕೆಲುಬುಗಳು ಮೂಡುತ್ತಿದ್ದವು, ಕೊಂಬೆಗಳ ಹಾಗೆ.

*

ಓದು ಮುಗಿದ ಮೇಲೆ ಅವನಿಗೆ ಕೆಲಸ ಸಿಗಲಿಲ್ಲ. ಡಾಕ್ಟರಿಗೆ ಕೆಲಸ ಸಿಗುವುದಿಲ್ಲ ಎಂದರೆ ಬೀದಿಯಲ್ಲಿ ಯಾರು ನಂಬುತ್ತಾರೆ? ಅಕ್ಕನೇ ನಂಬಲಿಲ್ಲ. ಇದ್ದ ಒಂದು ಒಳ್ಳೆಯ ಅಂಗಿಯನ್ನು ಪ್ರತಿ ಸಂದರ್ಶನಕ್ಕೂ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವಳು. ಸಂಜೆ ಅದೇ ಅಂಗಿ ಬಾಡಿದ ಸೊಪ್ಪಿನ ಹಾಗೆ ವಾಪಸು ಬರುವುದು.

"ಏನಂದರು?"

"ದಿನಕ್ಕೆ ಎಷ್ಟು ಫಿಲಂ ನೋಡ್ತೀರಿ ಅಂದರು."

"ನೀನೇನಂದೆ?"

"ಒಂದೊಂದಾಗಿ ನೋಡ್ತೀನಿ ಅಂದೆ."

ಭಾವ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. "ಸುಳ್ಳಾದರೂ ನೂರು ಅನ್ನೋಕೆ ಬಾಯಿಗೇನು ಬಂದಿತ್ತಯ್ಯ?"

ಒಂದು ಕಡೆ ಮಾತು ಕಡಿಮೆ ಎಂದರು. ಒಂದು ಕಡೆ ನಿಧಾನ ಎಂದರು. ತುರ್ತು ವಿಭಾಗ ಎಂದರೆ ಬೆಂಕಿ ಬಿದ್ದ ಮನೆ, ಅಲ್ಲಿ ಇನ್ನೂ ನೋಡ್ತಿದೀನಿ ಎನ್ನುವವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಂಗಿಯ ಕಾಲರು ತೇಯುತ್ತ ಬಂತು. ಅಕ್ಕ ಅದನ್ನು ಬಿಚ್ಚಿ ಮಗುಚಿ ಹೊಲಿದಳು. ಎದುರುಮನೆಯಾಕೆ ಬೇಲಿಯಾಚೆಯಿಂದ, "ಇಸ್ತ್ರಿ ಅಂಗಡಿ ಇದ್ದೇ ಇದೆಯಲ್ಲ ಬಿಡಿ," ಎಂದು ಸಮಾಧಾನ ಹೇಳಿದಳು. ಅಂಥ ಸಮಾಧಾನಕ್ಕಿಂತ ಬೈಗುಳ ಮೇಲು.

ದೊಡ್ಡಾಸ್ಪತ್ರೆಯಲ್ಲಿ ಆಗ ಆ ವಿಭಾಗಕ್ಕೆ ಹಿರಿಯಳಾಗಿದ್ದವಳು ಒಬ್ಬ ಡಾಕ್ಟರಮ್ಮ. ಜೀರುಂಡೆಯಂಥ ಧ್ವನಿ, ಕೋಲೂರಿ ನಡೆಯುವವಳು. ಬಂದವರನ್ನು ಅವಳು ಏನೂ ಕೇಳುತ್ತಿರಲಿಲ್ಲ. ಬೆಳಕಿನ ಪೆಟ್ಟಿಗೆಯ ಮೇಲೆ ಒಂದು ಎದೆಯ ಫಿಲಂ ಸಿಕ್ಕಿಸಿ, ಸುತ್ತ ಫೋನುಗಳು ಬಡಿದುಕೊಳ್ಳುತ್ತಿರುವಾಗಲೇ, ಹೇಳಿ ಎನ್ನುತ್ತಿದ್ದಳು. ಇವನಿಗಿಂತ ಮುಂಚೆ ಒಳಗೆ ಹೋದ ಒಬ್ಬ ಹೊರಗೆ ಬಂದು ಸಡಗರದಿಂದ ಹೇಳಿದ್ದನಂತೆ, ಅಪರೂಪದ ಕೇಸು, ಹೃದಯ ಬಲಗಡೆ ಇದೆ, ಅದರ ಹೆಸರೂ ಹೇಳಿಬಂದೆ ಎಂದು.

ಇವನು ನೋಡಿದ. ಡಾಕ್ಟರಮ್ಮ ಕೋಲು ಕುಟ್ಟಿದಳು. ಇನ್ನೂ ನೋಡ್ತಿದೀನಿ ಎಂದ. ಫಿಲಮಿನ ಮೂಲೆಯಲ್ಲಿ, ತೆಗೆಯುವಾಗ ಎಡಗಡೆ ಇಡುವ ಸೀಸದ ಗುರುತು ಬಿಳಿಯಾಗಿ ಮೂಡಿತ್ತು. ಅದು ಮಗುಚಿ ಕಾಣುತ್ತಿತ್ತು. ಇವನ ಕೈ ಒಮ್ಮೆ ತನ್ನ ಜೇಬಿಗೆ ಹೋಯಿತು. ಆಮೇಲೆ ಎದ್ದು, ಫಿಲಂ ತೆಗೆದು, ಹಿಂದುಮುಂದಾಗಿಸಿ ಮತ್ತೆ ಸಿಕ್ಕಿಸಿ ಬಂದು ಕೂತ.

"ಏನಿದೆ?" ಎಂದಳು ಡಾಕ್ಟರಮ್ಮ.

"ಏನೂ ಇಲ್ಲ. ಅಂಗಿ ಒಳಮಗ್ಗುಲು ಹೊರಗಾಗಿತ್ತು. ಇವರನ್ನ ಮನೆಗೆ ಕಳಿಸಬಹುದು."

ಅವಳು ಬಡಿದುಕೊಳ್ಳುತ್ತಿದ್ದ ಫೋನುಗಳಲ್ಲಿ ಒಂದನ್ನು ಎತ್ತಿ ಅವನ ಕೈಗೆ ಕೊಟ್ಟಳಂತೆ. ಸಂದರ್ಶನ ಅಷ್ಟೆ. ಆವತ್ತು ಸಂಜೆ ಅಂಗಿ ಮನೆಗೆ ಬರುವ ಹೊತ್ತಿಗೆ ಬೀದಿಯ ದೀಪ ಹತ್ತಿತ್ತು. ಅದರ ಮೇಲೆ ಒಂದು ಸುಕ್ಕೂ ಇರಲಿಲ್ಲ ಎಂದು ಅಕ್ಕನಿಗೆ ಇವತ್ತಿಗೂ ನೆನಪು. ಇರದೆ ಇರಲು ಸಾಧ್ಯವಿಲ್ಲ, ಆದರೂ ನೆನಪಿನಲ್ಲಿ ಇಲ್ಲ.

*

"ಅಮ್ಮ, ಹೊತ್ತಾಯ್ತು. ತೋಟದವರು ಕಾಯ್ತಿದ್ದಾರೆ." ಕಾವಲುಗಾರ ಇಣುಕಿ, ಖಾಲಿ ಕುರ್ಚಿಗಳನ್ನು ನೋಡಿ, ನೋಡದವನ ಹಾಗೆ ಮುಖ ತಿರುಗಿಸಿದ. ಎದುರುಮನೆಯಾಕೆಯೂ ಎದ್ದುಹೋಗಿದ್ದಳು.

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು.

"ಎಲ್ಲಿಗೆ?" ಎಂದ ಭಾವ.

"ಪಕ್ಕದ ಕೋಣೆಗೆ. ಅಷ್ಟು ಜನ ಇದ್ದಾರೆ. ನಾಲ್ಕು ಹೆಗಲು ಕೇಳ್ಕೊಂಡು ಬರ್ತೀನಿ."

"ಸಕ್ಕರೆ ಕೇಳಿದ ಹಾಗೆ ಹೆಗಲು ಕೇಳ್ತಾರೇನೇ?"

"ನಿಮ್ಮ ಮೊಣಕಾಲು ಗಟ್ಟಿ ಇದ್ದಿದ್ದರೆ ಮೂರೇ ಕೇಳ್ತಿದ್ದೆ."

ಬಲಗಡೆಯ ಕೋಣೆ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಮುಂದೆ ಹೂವಿನ ನಡುವೆ ಬೇಕರಿ ಯಜಮಾನ ದುಂಡಗೆ, ನೆಮ್ಮದಿಯಾಗಿ ಮಲಗಿದ್ದ. ಯಾರೋ ಎದ್ದು ನಿಂತು ಗದ್ಗದವಾಗಿ ಹೇಳುತ್ತಿದ್ದರು. "ಈ ಊರಿನವರ ಹೊಟ್ಟೆ ನೋಡಿಕೊಂಡ ಮನುಷ್ಯ..."

ಅಕ್ಕ ಹಿಂದಿನ ಗೋಡೆಗೆ ಒರಗಿ, ಯಾರನ್ನು ಕೇಳಲಿ ಎಂದು ಮುಖಗಳನ್ನು ಹುಡುಕುತ್ತ ನಿಂತಳು. ಅವಳ ಪಕ್ಕದಲ್ಲೇ ಮೂವರು ನಿಂತಿದ್ದರು. ಅಲ್ಲಿಯವರಂತೆ ಕಾಣಲಿಲ್ಲ. ಒಬ್ಬಳು ನರ್ಸಿನ ಬಿಳಿಯ ಉಡುಪಿನ ಮೇಲೆ ಸ್ವೆಟರು ಹಾಕಿದವಳು, ಕಾಲಿಗೆ ದೂರದ ಕೆಮ್ಮಣ್ಣು ಮೆತ್ತಿತ್ತು. ಒಬ್ಬ ಬೊಕ್ಕತಲೆಯವನು. ಇನ್ನೊಬ್ಬ ತೆಳ್ಳಗಿನ ಮನುಷ್ಯ, ಬಗಲಲ್ಲಿ ಡಾಕ್ಟರ ಚೀಲ.

"ಹೊಟ್ಟೆ ಒಂದೇನಾ?" ಎಂದು ನರ್ಸು ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು. "ತಲೆ, ಎದೆ, ಕೈಕಾಲು, ಎಲ್ಲಾ ನೋಡಿದರು."

"ಇಷ್ಟು ದಪ್ಪ ಇದ್ದಾರೆ ಅಂತ ಧ್ವನಿಯಲ್ಲಿ ಗೊತ್ತೇ ಆಗ್ತಿರಲಿಲ್ಲ," ಎಂದ ಬೊಕ್ಕತಲೆಯವನು.

"ಹೋದವರ ಬಗ್ಗೆ ಹಾಗೆಲ್ಲ ಅನ್ನಬಾರದು."

"ಅನ್ನುತ್ತಿಲ್ಲಮ್ಮ. ಕಣ್ಣಿಗೆ ಒಗ್ಗುತ್ತಿಲ್ಲ ಅಷ್ಟೆ. ಫೋನು ಎತ್ತಿದ ಕೂಡಲೇ ಆ ಸಣ್ಣ ಧ್ವನಿ ಕೇಳ್ತಿತ್ತಲ್ಲ. ಮೊದಲು ಜೇಬಿನ ಕಡೆ ಯಾವುದು ಹೇಳಿ, ಅಂತ." ಅಷ್ಟು ಹೇಳಿ ಅವನು ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೆಮ್ಮತೊಡಗಿದ.

"ಆಮೇಲೆ?" ಎಂದ ತೆಳ್ಳಗಿನವನು.

ಅಕ್ಕ ಅವರ ಕಡೆ ತಿರುಗಿದಳು. ಊಟದ ತಟ್ಟೆಯ ಮುಂದೆ ಕೂತ ತಮ್ಮ, ಅವನ ಬಾಯಿಂದ ಬರುತ್ತಿದ್ದ ಜನ, ಇಲ್ಲಿ ಕಾಲಿಗೆ ಮಣ್ಣು ಮೆತ್ತಿಕೊಂಡು ನಿಂತಿದ್ದಾರೆ. ಕೆಮ್ಮು ನಿಲ್ಲುವ ತನಕ ಕಾದು, ತಗ್ಗಿದ ಧ್ವನಿಯಲ್ಲಿ ಕೇಳಿದಳು.

"ನೀವು ಕೆಮ್ಮಣ್ಣನಾ?"

ಮೂವರೂ ತಿರುಗಿದರು.

"ಹಾಗೆ ಯಾರೂ ಕರೆಯಲ್ಲವಲ್ಲಮ್ಮ," ಎಂದ ಅವನು. "ನಾನು ಎಕ್ಸ್‌ರೇ ತೆಗೆಯೋನು. ಗುಡ್ಡದಾಚೆ ಆಸ್ಪತ್ರೆ."

"ಕರೀತಿದ್ದ. ನನ್ನ ತಮ್ಮ." ಅಕ್ಕ ನರ್ಸಿನ ಕಡೆ ನೋಡಿದಳು. "ನೀವು ಮಾತಾಡಿದರೆ ಫೋನಲ್ಲಿ ತಗಡಿನ ಮೇಲೆ ಮಳೆ ಬೀಳೋದು ಕೇಳುತ್ತಂತೆ. ತಗಡಮ್ಮ ನೀವು. ಆಮೇಲೆ ಡಾಕ್ಟರು ಇವರು, ಯಾರು ಏನು ಹೇಳಿದರೂ ಆಮೇಲೆ ಆಮೇಲೆ ಅಂತಾರೆ."

ತೆಳ್ಳಗಿನ ಡಾಕ್ಟರು ಬಾಯಿ ತೆರೆದು, ಬರುತ್ತಿದ್ದ ಮಾತನ್ನು ನುಂಗಿಕೊಂಡ.

"ಅದು ಅವನಲ್ಲ," ಎಂದಳು ಅಕ್ಕ, ಹೂವಿನ ನಡುವಿನ ದುಂಡು ಮುಖ ತೋರಿಸಿ. "ಅವರು ಬೇಕರಿ ಯಜಮಾನರು. ನನ್ನ ತಮ್ಮ ಎಡಗಡೆ ಕೋಣೆಯಲ್ಲಿದ್ದಾನೆ."

ಓಣಿಗೆ ಬಂದ ಮೇಲೆ ಕೆಮ್ಮಣ್ಣ ಕಾವಲುಗಾರನ ಮೇಲೆ ಹರಿಹಾಯ್ದ. ಕಾವಲುಗಾರನೂ ಸೋಲುವವನಲ್ಲ.

"ನಾನು ಎಡ ಅಂತಲೇ ಹೇಳಿದ್ದು ಸ್ವಾಮಿ. ಬೆಳಗ್ಗೆಯಿಂದ ಇಷ್ಟು ಜನ ಬಂದರು, ಒಬ್ಬರೂ ತಪ್ಪಲಿಲ್ಲ. ನೀವು ಮೂವರೂ ಸೀದಾ ಬಲಕ್ಕೆ ಹೋದಿರಿ."

"ನೀನು ನಮಗೆ ಎದುರಾಗಿ ಕೂತಿದ್ದೆಯಲ್ಲೋ. ನಿನ್ನ ಎಡಕ್ಕೆ ಹೋದೆವು."

"ಬಂದವರಿಗೆ ದಾರಿ ಹೇಳುವಾಗ ಬಂದವರ ಎಡ ಹೇಳ್ತಾರೋ, ಹೇಳೋನ ಎಡ ಹೇಳ್ತಾರೋ?"

ಕೆಮ್ಮಣ್ಣ ಬೋಳುತಲೆ ಸವರಿಕೊಂಡ. ನರ್ಸು ಅಳುತ್ತಳುತ್ತಲೇ ನಕ್ಕುಬಿಟ್ಟಳು. "ನಮ್ಮ ಕೆಲಸದಲ್ಲಿ ಎದುರಿಗಿರೋರ ಎಡವೇ ಎಡ ಅಮ್ಮ. ಕೈ ಹಾಗೇ ಪಳಗಿಬಿಟ್ಟಿದೆ. ಅವರೇ ಪಳಗಿಸಿದ್ದು."

*

ಮೂವರೂ ಅವನ ಮುಂದೆ ನಿಂತರು. ಮೊದಲ ಸಲ ಮುಖ ನೋಡುವವರು ನೋಡುವ ಹಾಗೆ ನೋಡಿದರು. ಭಾವ ಬೆಂಚಿನಿಂದ ಎದ್ದು, ಯಾರು ಎಂದು ಕಣ್ಣಲ್ಲೇ ಕೇಳಿದ. ಅಕ್ಕ ಹೇಳಿದಳು. ಭಾವ ಮತ್ತೆ ಕೂತ.

"ಧ್ವನಿಗೆ ಈ ಮುಖ ಸರಿಯಾಗಿದೆ," ಎಂದ ಕೆಮ್ಮಣ್ಣ ಕೊನೆಗೆ.

ಅವನೇ ಹೇಳಿದ. ಒಮ್ಮೆ ಲಾರಿ ಗುದ್ದಿದವನೊಬ್ಬ ಬಂದಿದ್ದ. ಎದೆಯ ಒಂದು ಕಡೆ ಗಾಳಿ ತುಂಬಿಕೊಂಡು ಉಸಿರು ಕಟ್ಟುತ್ತಿತ್ತು. ಗಡಿಬಿಡಿಯಲ್ಲಿ ಕೆಮ್ಮಣ್ಣ ಸೀಸದ ಗುರುತನ್ನು ತಪ್ಪು ಕಡೆ ಇಟ್ಟು ಫಿಲಂ ತೆಗೆದಿದ್ದ. ಅಲ್ಲಿದ್ದ ಡಾಕ್ಟರು ಅದನ್ನೇ ನಂಬಿ, ಸೂಜಿ ಹಾಕಲು ಒಳ್ಳೆಯ ಪಕ್ಕವನ್ನೇ ಒರೆಸುತ್ತಿದ್ದರು. "ಫೋನಲ್ಲಿ ಇವರು ಎಡ ಬಲ ಅನ್ನಲೇ ಇಲ್ಲಕ್ಕ. ಹೋಗಿ ಅವನ ಅಂಗಿ ನೋಡಿ, ಜೇಬು ಇರೋ ಪಕ್ಕದಲ್ಲಿ ಎದೆ ಏಳ್ತಾ ಇದೆಯಾ ಹೇಳಿ ಅಂದರು. ಓಡಿದೆ. ಏಳ್ತಾ ಇರಲಿಲ್ಲ. ಸೂಜಿ ಆ ಕಡೆಗೇ ಹಾಕಿದರು, ಆಳು ಉಳಿದ. ಅಂದಿನಿಂದ ನಮ್ಮಲ್ಲಿ ಎಡ ಅನ್ನೋ ಮಾತೇ ಇಲ್ಲ. ಎಲ್ಲರೂ ಜೇಬಿನ ಕಡೆ ಅಂತಲೇ ಅನ್ನೋದು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ."

ಅಕ್ಕ ಅಂಗಿಯ ಅಂಚು ಎಳೆದು ಸರಿಮಾಡಿದಳು.

"ಆವತ್ತು ಅವರು ಒಬ್ಬರೇ ಇದ್ದರು ಅಂತ ಅಂದ್ಕೊಂಡಿದೀರಾ ಅಮ್ಮ?" ಎಂದಳು ನರ್ಸು.

ಅಕ್ಕನ ಕೈ ನಿಂತಿತು.

"ನಾನಿದ್ದೆ. ಫೋನಲ್ಲಿ. ಉಯ್ಯಾಲೆಯಿಂದ ಬಿದ್ದ ಹುಡುಗಿ, ಕತ್ತಿನ ಫಿಲಂ ಕಳಿಸಿದ್ದೆ. ತಾಯಿ ಪಕ್ಕದಲ್ಲೇ ಅಳ್ತಿದ್ದಳು. ಇವರು ಬಹಳ ಹೊತ್ತು ಮಾತಾಡಲಿಲ್ಲ. ಇನ್ನೂ ನೋಡ್ತಿದೀನಿ ಅಂದರು. ಆಮೇಲೆ, ಏನೂ ಇಲ್ಲ, ಮನೆಗೆ ಕಳಿಸಿ ಅಂದರು. ನಾನು ಇಡೋದರಲ್ಲಿದ್ದೆ. ಸಿಸ್ಟರ್, ನಿಮ್ಮಲ್ಲಿ ಮಳೆನಾ ಅಂದರು. ಹೌದು ಅಂದೆ. ಸ್ವಲ್ಪ ಹಾಗೇ ಹಿಡ್ಕೊಳ್ಳಿ, ಕೇಳ್ತೀನಿ, ಕೋಣೆಯಲ್ಲಿ ಸೆಕೆ ಅಂದರು. ಕಿಟಕಿ ತೆಗೆದು ಫೋನನ್ನ ಹೊರಗೆ ಹಿಡಿದೆ. ನಮ್ಮದು ತಗಡಿನ ಛಾವಣಿ, ಮಳೆ ಬಂದರೆ ಮಾತೇ ಕೇಳಲ್ಲ. ಸಾಕಾ ಡಾಕ್ಟರೇ ಅಂದೆ. ಉತ್ತರ ಇಲ್ಲ. ಇನ್ನೂ ಕೇಳ್ತಿದಾರೆ ಅಂದ್ಕೊಂಡೆ. ಇಡೋಕೆ ಮನಸ್ಸು ಬರಲಿಲ್ಲ ಅಮ್ಮ. ಮಳೆ ನಿಲ್ಲೋ ತನಕ ಹಿಡಿದೇ ಇದ್ದೆ."

ಗೋಡೆಯಾಚೆಯ ಅಳು ಬಹಳ ದೂರದಲ್ಲಿ ಎಲ್ಲೋ ನೀರು ಬಿದ್ದ ಹಾಗೆ ಕೇಳುತ್ತಿತ್ತು. ಅಕ್ಕ ನರ್ಸಿನ ಕೈ ಹಿಡಿದು, ಆ ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಅದರಲ್ಲಿ ಇನ್ನೂ ಏನೋ ಉಳಿದಿರಬಹುದೆಂಬಂತೆ ನೋಡಿದಳು.

"ನೀವು ಆಮೇಲೆ..." ಎಂದು ಭಾವ ಏನೋ ಕೇಳಲು ಹೋದ. ತೆಳ್ಳಗಿನ ಡಾಕ್ಟರು ತನ್ನನ್ನೇ ಕರೆದರೆಂದು ಮುಂದೆ ಬಂದ. ಭಾವನಿಗೆ ಕೇಳಬೇಕಾದ್ದು ಮರೆತುಹೋಯಿತು.

ಶವಪೆಟ್ಟಿಗೆ ಮುಚ್ಚಲು ಕಾವಲುಗಾರ ಬಂದಾಗ ಕೆಮ್ಮಣ್ಣ, ಒಂದು ನಿಮಿಷ ಎಂದು ಕಿಸೆಯಿಂದ ಏನೋ ತೆಗೆದ. ಬೂದುಬಣ್ಣದ ಚಿಕ್ಕ ಸೀಸದ ತುಂಡು, ಬಾಗಿದ ಮೊಳೆಯ ಹಾಗಿತ್ತು. ಅಂಚೆಲ್ಲ ಬೆರಳಿಗೆ ಸವೆದು ನುಣುಪಾಗಿತ್ತು.

"ಎಡಗಡೆ ಇಡೋ ಗುರುತು. ಆವತ್ತು ತಪ್ಪಾಗಿ ಇಟ್ಟಿದ್ದು ಇದೇ. ಇವರ ಜೊತೆ ಹೋಗಲಿ ಅನ್ನಿಸಿತು." ಅವನು ಪೆಟ್ಟಿಗೆಯ ಮೇಲೆ ಬಗ್ಗಿದವನು ಹಾಗೇ ತಡೆದ. ಎಲ್ಲಿ ಇಡಲಿ ಎಂದು ಅವನ ಕೈ ಆಚೆ ಈಚೆ ಆಯಿತು. ಇವತ್ತು ಒಮ್ಮೆ ತಪ್ಪಿದವನಿಗೆ ತನ್ನ ಮೇಲೇ ನಂಬಿಕೆ ಹೋದ ಹಾಗಿತ್ತು.

ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ತಾನು ಇಸ್ತ್ರಿ ಮಾಡಿ ಅಂಟಿಸಿದಂತೆ ಮಾಡಿದ್ದ ಜೇಬಿನ ಬಾಯನ್ನು ಎರಡು ಬೆರಳಿನಿಂದ ಬಿಡಿಸಿ, ಒಳಗೆ ಜಾರಿಸಿದಳು. ಜೇಬು ಒಂದಿಷ್ಟು ತೂಗಿತು. ಅಷ್ಟು ಹೊತ್ತು ಒಂದೂ ಗೆರೆಯಿಲ್ಲದಿದ್ದ ಅಂಗಿಯ ಮೇಲೆ ಒಂದು ಗೆರೆ ಮೂಡಿತು. ಅವಳು ಅದನ್ನು ಸವರಲಿಲ್ಲ.

ತೋಟದ ಗೇಟಿನಲ್ಲಿ ಗಾಡಿ ನಿಂತಾಗ ಬಿಸಿಲು ಮರಗಳ ನಡುವೆ ಓರೆಯಾಗಿ ಇಳಿದಿತ್ತು. ಮುಂದೆ ಕೆಮ್ಮಣ್ಣ ಮತ್ತು ತಗಡಮ್ಮ, ಹಿಂದೆ ಆಮೇಲೆ ಡಾಕ್ಟರು. ನಾಲ್ಕನೆಯ ಮೂಲೆಗೆ ಅಕ್ಕ ಹೋಗುವಷ್ಟರಲ್ಲಿ ಭಾವ ಬಂದು ಹೆಗಲು ಕೊಟ್ಟಿದ್ದ.

"ನಿಮ್ಮ ಮೊಣಕಾಲು?"

"ಅದು ಮೊಣಕಾಲು. ಇದು ಹೆಗಲು," ಎಂದ ಭಾವ.

ಕಲ್ಲುಹಾಸಿನ ದಾರಿ ಕವಲಾಗುವಲ್ಲಿ ತೋಟದವನು ಇವರಿಗೆ ಎದುರಾಗಿ ನಿಂತು ಕೂಗಿದ. "ಎಡಕ್ಕೆ ಬನ್ನಿ."

ಮೂವರು ಒಂದು ಕಡೆ ಕಾಲೆತ್ತಿದರು, ಭಾವ ಇನ್ನೊಂದು ಕಡೆ. ಪೆಟ್ಟಿಗೆ ಹೆಗಲುಗಳ ಮೇಲೆ ನಿಂತಲ್ಲೇ ಸ್ವಲ್ಪ ತಿರುಗಿತು, ನಿದ್ದೆಯಲ್ಲಿ ಮಗ್ಗುಲಾಗುವವರ ಹಾಗೆ. ಯಾರಿಗೂ ಯಾವ ಕಡೆ ಎಂದು ತಿಳಿಯಲಿಲ್ಲ. ಕೆಮ್ಮಣ್ಣನಿಗೆ ಕೆಮ್ಮು ಬಂತು.

"ಜೇಬಿನ ಕಡೆ," ಎಂದಳು ಅಕ್ಕ ಹಿಂದಿನಿಂದ, ಮೆಲ್ಲಗೆ.

ನಾಲ್ವರ ಬಿಡುವಾದ ಕೈಗಳೂ ಒಮ್ಮೆಗೇ ಎದೆಗೆ ಹೋದವು. ಆಮೇಲೆ ಎಂಟು ಕಾಲುಗಳು ಒಟ್ಟಿಗೆ ತಿರುಗಿದವು. ಒಳಗೆ ಸೀಸದ ತುಂಡು ಬಟ್ಟೆಯ ಮೇಲೆ ಸರಿದ ಸದ್ದು ಅಕ್ಕನೊಬ್ಬಳಿಗೇ ಕೇಳಿಸಿತು.